ಯಾವ ಸಾಲು ಹೇಳಿತು?



ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರಣಿಕ, ಅಂದರೆ ಭವಿಷ್ಯವಾಣಿ, ನುಡಿಯುತ್ತಾರೆ. ಅದು ಒಬ್ಬರಿಗೆ ಮಳೆ-ಬೆಳೆಯ ಮಾತು, ಇನ್ನೊಬ್ಬರಿಗೆ ರಾಜಕೀಯದ ಮಾತು. ಕಾರಣಿಕಕ್ಕೆ ಆ ಸಲಿಗೆ ಒಪ್ಪುತ್ತದೆ. ಕತೆಯ ಪಾತ್ರವನ್ನು ಅಳೆಯುವಾಗ ಮಾತ್ರ ಹೇಳಿದ್ದಕ್ಕೆಲ್ಲ ಆಧಾರ ಬೇಕು.

ಅಸಂಗತ ಕತೆಗಳಲ್ಲಿ ಇದು ಕಷ್ಟ ಎನಿಸುತ್ತದೆ. 1915ರಲ್ಲಿ ಪ್ರಕಟವಾದ, ಲೇಖಕ ಕಾಫ್ಕಾನ ಕತೆಯಲ್ಲಿ ಗ್ರೆಗರ್ ಸಾಮ್ಸಾ ಬೆಳಗಾಗೆದ್ದಾಗ ಹುಳುವಾಗಿರುತ್ತಾನೆ. ಏಕೆ? ಕತೆ ಹೇಳುವುದಿಲ್ಲ. ಆದರೆ ಅವನಿಗೆ ಹತ್ತುವ ಚಿಂತೆ ಯಾವುದು ನೋಡಿ: ರೈಲು ತಪ್ಪಿತಲ್ಲ, ಸಾಹೇಬರು ಏನೆಂದಾರು! ಐದು ವರ್ಷ ಕಾಯಿಲೆಯ ರಜೆಯನ್ನೇ ಹಾಕದವನು. ಮುಂದೆ ತಂಗಿ ಹೆದರಬಾರದೆಂದು ಬಟ್ಟೆಯ ಮರೆಯಲ್ಲಿ ಅಡಗುತ್ತಾನೆ. ಘಟನೆ ಅಸಂಬದ್ಧ, ಸ್ವಭಾವ ಅಲ್ಲ. ದುಡಿಮೆಗೆ ತನ್ನನ್ನೇ ಒತ್ತೆಯಿಟ್ಟ ಮನುಷ್ಯ ಅವನು ಎನ್ನಲು ಇಷ್ಟು ಸಾಕ್ಷಿ ಸಾಕು.

ಕನ್ನಡದಲ್ಲೂ ಇಂಥ ಕೃತಿಯಿದೆ: ನಮ್ಮ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಾದಂಬರಿ ‘ಅರಮನೆ’. ಅದಕ್ಕೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಕನಸು, ಐತಿಹ್ಯ, ವಿಚಿತ್ರಗಳ ಆ ಲೋಕದಲ್ಲಿ ಥಾಮಸ್ ಮನ್ರೋ ಕೂಡ ಒಂದು ಪಾತ್ರ. 1800ರಿಂದ 1807ರವರೆಗೆ ನಮ್ಮ ಸೀಮೆಯನ್ನು ಆಳಿದ ಕಲೆಕ್ಟರ್ ಮನ್ರೋನ ದಾಖಲೆ ತೋರಿಸಿ ಕಾದಂಬರಿಯ ಮನ್ರೋನನ್ನು ತೀರ್ಮಾನಿಸಲಾಗದು. ಅವನ ಗುಣಕ್ಕೆ ಕಾದಂಬರಿಯೇ ಸಾಕ್ಷಿ.

ಪಾತ್ರ ಏನು ಮಾಡಿತು, ಏನು ಆಡಿತು, ಯಾವಾಗ ಸುಮ್ಮನಿತ್ತು ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಒಳ್ಳೆಯವನು, ಕೆಟ್ಟವನು ಎನ್ನಿ. ಈ ಶಿಸ್ತು ರೂಢಿಯಾದರೆ, ನೆರೆಯವರ ಬಗ್ಗೆ ಗಾಳಿಮಾತು ಕೇಳಿದಾಗಲೂ ನಾವು ತೀರ್ಪಿಗೆ ಅವಸರಪಡುವುದಿಲ್ಲ.