ಕಾಯಿಗೆ ಮರೆಯಾದ ಎಲೆ

ಇಟಲಿಯ ಸೈಕಲ್ ಸವಾರ ಆಂದ್ರೆಯಾ ಕರ್ರೆಯಾ ಅವರು ಹುಟ್ಟಿದ್ದು 1924ರಲ್ಲಿ, ಪಿಯೆಮೊಂತೆ ಪ್ರಾಂತದ ಗಾವಿ ಎಂಬ ಸಣ್ಣ ಊರಿನಲ್ಲಿ. ಬಲ್ಲವರು ಅವರನ್ನು ಅಕ್ಕರೆಯಿಂದ ಸಾಂದ್ರಿನೊ ಎಂದು ಕರೆಯುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರು ಅವರನ್ನು ಸೆರೆಹಿಡಿದು ಬುಖೆನ್‌ವಾಲ್ಡ್ ಯಾತನಾ ಶಿಬಿರಕ್ಕೆ ಸಾಗಿಸಿದರು. ಐವತ್ತು ಸಾವಿರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟ ಜಾಗ ಅದು. ಕರ್ರೆಯಾ ಬದುಕಿ ಊರಿಗೆ ಮರಳಿದರು, ಮರಳಿದ ಮೇಲೆ ಸೈಕಲ್ ಹಿಡಿದರು.

ಗಾವಿಯಿಂದ ತುಸು ದೂರದಲ್ಲಿ ನೋವಿ ಲಿಗುರೆ ಎಂಬ ಪಟ್ಟಣವಿದೆ. ಅಲ್ಲಿ ಬಿಯಾಜೊ ಕವಾನ್ನ ಎಂಬ ಅಂಗಮರ್ದನಕಾರರಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಸವಾರನ ಕಾಲು, ಬೆನ್ನು, ಎದೆಯನ್ನು ಕೈಯಿಂದ ಮುಟ್ಟಿ ನೋಡಿಯೇ ಅವನ ಶಕ್ತಿಯನ್ನು ಅಳೆಯುತ್ತಿದ್ದರು. ಪಕ್ಕದ ಕಾಸ್ತೆಲ್ಲಾನಿಯಾ ಎಂಬ ಹಳ್ಳಿಯಿಂದ ಬಂದು ಮಾಂಸದಂಗಡಿಯಲ್ಲಿ ಕೆಲಸಕ್ಕಿದ್ದ ಫೌಸ್ತೊ ಕೊಪ್ಪಿ ಎಂಬ ತೆಳ್ಳಗಿನ ಹುಡುಗನನ್ನು ಜಗತ್ತಿನ ಮಹಾನ್ ಸವಾರನಾಗಿ ಬೆಳೆಸಿದವರು ಇವರೇ. ಕೊಪ್ಪಿಗೆ ನೆರವಾಗಬಲ್ಲ ಸವಾರರನ್ನೂ ಕವಾನ್ನ ಸುತ್ತಲ ಊರುಗಳ ಬಡ ಮನೆಗಳಿಂದಲೇ ಆರಿಸಿ ತಯಾರು ಮಾಡಿದರು. ಕರ್ರೆಯಾ ಆ ಗರಡಿಯಲ್ಲಿ ಪಳಗಿ, 1940ರ ದಶಕದ ಕೊನೆಗೆ ಕೊಪ್ಪಿಯ ಬಿಯಾಂಕಿ ತಂಡವನ್ನು ಸೇರಿದರು.

ನೆರವಿಗೆ ನಿಲ್ಲುವ ಇಂಥ ಸವಾರರನ್ನು ಇಟಲಿಯಲ್ಲಿ ಗ್ರೆಗಾರಿಯೊ ಎನ್ನುತ್ತಾರೆ. ದೂರದ ಸೈಕಲ್ ಪಂದ್ಯದಲ್ಲಿ ಗೆದ್ದವರ ಪಟ್ಟಿಯಲ್ಲಿ ಕಾಣುವುದು ಒಂದೇ ಹೆಸರು, ಆದರೆ ಅಲ್ಲಿ ದುಡಿಯುವುದು ಇಡೀ ತಂಡ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವವನ ಶಕ್ತಿಯ ಬಹುಪಾಲನ್ನು ತಿನ್ನುವುದು ಎದುರುಗಾಳಿ. ಒಬ್ಬನ ಬೆನ್ನಿಗೆ ಅಂಟಿಕೊಂಡಂತೆ ಸಾಗುವವನಿಗೆ ಶ್ರಮದಲ್ಲಿ ಸುಮಾರು ಮೂರನೇ ಒಂದು ಭಾಗ ಉಳಿಯುತ್ತದೆ. ಹಾಗೆ ಉಳಿದ ಶಕ್ತಿಯನ್ನು ನಾಯಕ ಬೆಟ್ಟದ ದಾರಿಗೆಂದು ಕಾದಿಡುತ್ತಾನೆ. ಗಂಟೆಗಟ್ಟಲೆ ಗಾಳಿಗೆ ಎದೆಯೊಡ್ಡುವವನು ಗ್ರೆಗಾರಿಯೊ. ನೀರು ತರುವವನೂ ಅವನೇ. ಆ ಕಾಲದಲ್ಲಿ ದಾರಿಬದಿಯ ಹೋಟೆಲಿಗೆ ನುಗ್ಗಿ ಬಾಟಲಿಗಳನ್ನು ಬಾಚಿಕೊಂಡು, ಮತ್ತೆ ಜೋರಾಗಿ ತುಳಿದು ಗುಂಪನ್ನು ಸೇರಬೇಕಿತ್ತು. ನಾಯಕನ ಚಕ್ರ ಕೆಟ್ಟರೆ ತನ್ನ ಚಕ್ರವನ್ನೇ ಬಿಚ್ಚಿಕೊಟ್ಟು ರಸ್ತೆಯಂಚಿನಲ್ಲಿ ನಿಲ್ಲಬೇಕಿತ್ತು. ಎದುರಾಳಿಗಳು ಗುಂಪನ್ನು ಬಿಟ್ಟು ಮುಂದೆ ನುಗ್ಗಿದರೆ ತಾನೂ ಅವರೊಡನೆ ಹೋಗಿ ಕಾವಲಿರಬೇಕಿತ್ತು.

ಹೀಗೆ ದುಡಿಯುವವರನ್ನು ಕನ್ನಡದಲ್ಲಿ ಎಲೆಮರೆಯ ಕಾಯಿ ಎನ್ನುವುದು ವಾಡಿಕೆ. ಮಾತು ಚೆಂದವಾಗಿದೆ, ಆದರೆ ಗ್ರೆಗಾರಿಯೊಗೆ ಅದು ಪೂರ್ತಿ ಒಪ್ಪುವುದಿಲ್ಲ. ಮರೆಯಲ್ಲಿರುವ ಕಾಯಿಗೆ ಬಿಸಿಲಿನ ಝಳವಿಲ್ಲ, ಗಾಳಿಯ ಹೊಡೆತವಿಲ್ಲ. ಅವನ್ನೆಲ್ಲ ತಾಳಿಕೊಳ್ಳುವುದು ಎಲೆ. ಬಿಸಿಲನ್ನು ಕುಡಿದು ಕಾಯಿಗೆ ಸತ್ವ ಕೂಡಿಸುವುದೂ ಎಲೆಯೇ. ಕಾಯಿ ಬಲಿತು ಹಣ್ಣಾದಾಗ ಜನ ಹಣ್ಣಿನ ರುಚಿಯನ್ನು ಹೊಗಳುತ್ತಾರೆ, ಎಲೆಯ ಹೆಸರನ್ನು ಯಾರೂ ಎತ್ತುವುದಿಲ್ಲ. ಎತ್ತಲಿಲ್ಲವೆಂದು ಯಾವ ಎಲೆಯೂ ನೆರಳನ್ನು ಹಿಂದಕ್ಕೆ ಪಡೆದಿಲ್ಲ. ಕರ್ರೆಯಾ ಅವರ ವೃತ್ತಿಜೀವನ ಆ ಎಲೆಯ ಜಾತಿಗೆ ಸೇರಿದ್ದು.

ಅವರ ಹೆಸರು ಹೊರಬಿದ್ದದ್ದು 1952ರ ಟೂರ್ ದ ಫ್ರಾನ್ಸ್‌ನಲ್ಲಿ. ಆಗ ಆ ಪಂದ್ಯದಲ್ಲಿ ದೇಶಗಳ ತಂಡಗಳು ಸೆಣಸುತ್ತಿದ್ದವು. ಅಲ್ಫ್ರೆದೊ ಬಿಂದಾ ಅವರ ಮೇಲ್ವಿಚಾರಣೆಯ ಇಟಲಿ ತಂಡದಲ್ಲಿ ಕೊಪ್ಪಿ, ಜೀನೊ ಬರ್ತಾಲಿ, ಫಿಯೊರೆಂಜೊ ಮಾನ್ಯಿ ಎಂಬ ಮೂವರು ಘಟಾನುಘಟಿಗಳಿದ್ದರು. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಅಪಾಯವಿದ್ದ ತಂಡ ಅದು. ಒಂಬತ್ತನೆಯ ಹಂತ ಮುಲೂಸ್‌ನಿಂದ ಸ್ವಿಟ್ಜರ್ಲೆಂಡಿನ ಲೊಸಾನ್‌ವರೆಗೆ. ಮುಂದೆ ನುಗ್ಗಿದ ಸಣ್ಣ ಗುಂಪಿನಲ್ಲಿ ಕರ್ರೆಯಾ ಕಾವಲಿಗೆಂದು ಸೇರಿಕೊಂಡರು. ಹಿಂದಿನ ದೊಡ್ಡ ಗುಂಪು ಆ ದಿನ ಅವಸರಪಡಲಿಲ್ಲ. ಹಂತವನ್ನು ಗೆದ್ದವರು ಸ್ವಿಸ್ ಸವಾರ ವಾಲ್ಟರ್ ಡಿಗೆಲ್ಮನ್. ಆದರೆ ಎಲ್ಲ ಹಂತಗಳ ಸಮಯವನ್ನು ಕೂಡಿಸಿ ನೋಡಿದಾಗ ಅತಿ ಕಡಿಮೆ ಸಮಯ ಕರ್ರೆಯಾ ಅವರದ್ದಾಗಿತ್ತು. ಹಾಗೆ ಮುಂದಿರುವವರ ಗುರುತಾಗಿ ಮಾನ್ಯಿ ತೊಟ್ಟಿದ್ದ ಹಳದಿ ಜರ್ಸಿ ನೀರು ಹೊರುವವನ ಮೈಮೇಲೆ ಬಂತು.

ಸೈಕಲ್ ಲೋಕದಲ್ಲಿ ಅದಕ್ಕಿಂತ ದೊಡ್ಡ ಉಡುಪಿಲ್ಲ. ಅದನ್ನು ತೊಡಿಸಿದಾಗ ಕರ್ರೆಯಾ ಅತ್ತರು. ನಾಯಕನ ಪಾಲಿನದನ್ನು ತಾನು ತೆಗೆದುಕೊಂಡೆನಲ್ಲ ಎಂಬ ಸಂಕಟದ ಅಳು ಅದು. ಕೊಪ್ಪಿ ಬಂದು ಸೇರಿದಾಗ ಅವರಲ್ಲಿ ಕ್ಷಮೆ ಕೇಳಿದರು. ಕೊಪ್ಪಿ ಮುನಿಸಿಕೊಳ್ಳಲಿಲ್ಲ, ಮನಸಾರೆ ಅಭಿನಂದಿಸಿದರು.

ಮರುದಿನ, ಜುಲೈ 4ರಂದು, ಟೂರ್ ದ ಫ್ರಾನ್ಸ್ ಮೊದಲ ಬಾರಿಗೆ ಆಲ್ಪ್ ದ್ಯುಎಜ್ ಬೆಟ್ಟದ ತುದಿಯಲ್ಲಿ ಮುಗಿಯಿತು. 21 ತಿರುವುಗಳ ಕಡಿದಾದ ಏರು ಅದು. ಫ್ರಾನ್ಸಿನ ಜ್ಯಾಂ ರೋಬಿಕ್ ಮೊದಲು ದಾಳಿಯಿಟ್ಟರು. ಕೊಪ್ಪಿ ಅವರನ್ನು ಹಿಡಿದು, ಹಿಂದೆ ಹಾಕಿ, ಒಂಟಿಯಾಗಿ ತುದಿ ಮುಟ್ಟಿದರು. ಜರ್ಸಿ ಕೊಪ್ಪಿಯ ಪಾಲಾಯಿತು. ಆ ಸಂಜೆ ಪಟ್ಟಿಯಲ್ಲಿ ಕರ್ರೆಯಾ ಎರಡನೆಯವರು, ಇಬ್ಬರ ನಡುವಿನ ಅಂತರ ಕೇವಲ 5 ಸೆಕೆಂಡು. ಅದಾದ ಮೇಲೂ ಅವರು ಮತ್ತೆ ಬಾಟಲಿ ಹೊತ್ತರು, ಗಾಳಿಗೆ ಮುಖವೊಡ್ಡಿದರು. ಪ್ಯಾರಿಸ್ ತಲುಪಿದಾಗ ಕೊಪ್ಪಿ ಎರಡನೆಯವರಾದ ಬೆಲ್ಜಿಯಂನ ಸ್ಟಾನ್ ಓಕರ್ಸ್ ಅವರಿಗಿಂತ 28 ನಿಮಿಷ ಮುಂದಿದ್ದರು. ಸ್ಪರ್ಧೆ ಸಪ್ಪೆಯಾಗದಿರಲೆಂದು ಸಂಘಟಕರು ಎರಡನೆಯ ಸ್ಥಾನದ ಬಹುಮಾನವನ್ನು ಹೆಚ್ಚಿಸಬೇಕಾಗಿ ಬಂದಿತ್ತು. ಕರ್ರೆಯಾ ಒಂಬತ್ತನೆಯವರಾಗಿ ಮುಗಿಸಿದರು.

ಒಂಬತ್ತನೆಯ ಸ್ಥಾನವನ್ನು ಹಗುರವಾಗಿ ಎಣಿಸಬಾರದು. ಮೂರು ವಾರ ಮತ್ತೊಬ್ಬರಿಗಾಗಿ ದುಡಿದವನು ಜಗತ್ತಿನ ಅತಿ ಕಠಿಣ ಪಂದ್ಯದಲ್ಲಿ ಮೊದಲ ಹತ್ತರೊಳಗೆ ಬಂದನೆಂದರೆ, ಅವನ ಸೇವೆಗೆ ಕೈಲಾಗದತನ ಕಾರಣವಲ್ಲ. ಕೈಲಾದವನು ಮನಸ್ಸಿಟ್ಟು ಮಾಡಿದ ಸೇವೆ ಅದು. ಲೊಸಾನ್‌ನ ಕಣ್ಣೀರನ್ನು ಅಂಜಿಕೆ ಎಂದೋ ಗುಲಾಮತನ ಎಂದೋ ಓದುವುದು ಸುಲಭ. ಆದರೆ ಬುಖೆನ್‌ವಾಲ್ಡ್ ಕಂಡು ಬಂದ ಮನುಷ್ಯನಿಗೆ ಬಲವಂತದ ದುಡಿಮೆ ಎಂದರೇನೆಂದು ಯಾರೂ ಕಲಿಸಬೇಕಾಗಿರಲಿಲ್ಲ. ತಾನಾಗಿ ಒಪ್ಪಿಕೊಂಡ ಕೆಲಸದ ಬೆಲೆಯೂ ಅಂಥವರಿಗೇ ಹೆಚ್ಚು ಗೊತ್ತು. ಒಪ್ಪಿದ ಮಾತಿಗೆ ತಪ್ಪಿದೆನೇನೋ ಎಂಬ ಅಳುಕೇ ಅವರನ್ನು ಅಳಿಸಿದ್ದು ಎಂದು ತಿಳಿಯುವುದು ಆ ಬದುಕಿಗೆ ಹೆಚ್ಚು ಹೊಂದುತ್ತದೆ.

ಈ ಪ್ರಸಂಗದಲ್ಲಿ ಕೊಪ್ಪಿಯ ಪಾತ್ರವೂ ಸಣ್ಣದಲ್ಲ. ಸೇವೆ ಹಿರಿದಾಗುವುದು ಸೇವೆ ಪಡೆದವನು ಅದನ್ನು ಗುರುತಿಸಿದಾಗ. ಆ ದಿನ ಕೊಪ್ಪಿ ಮುಖ ತಿರುಗಿಸಿ ನಡೆದಿದ್ದರೆ, ಕರ್ರೆಯಾ ಅಷ್ಟು ವರ್ಷ ಹೊತ್ತ ನೀರೆಲ್ಲ ಆಳಿನ ಚಾಕರಿಯಾಗಿಬಿಡುತ್ತಿತ್ತು. ಗೆದ್ದ ನಾಯಕ ಬಹುಮಾನದ ಹಣವನ್ನು ತಂಡದವರಿಗೆ ಹಂಚುವ ಪದ್ಧತಿ ಸೈಕಲ್ ಪಂದ್ಯಗಳಲ್ಲಿ ಇಂದಿಗೂ ಉಂಟು. ಹಣ ಹಂಚುವುದು ಪದ್ಧತಿಯಿಂದ ಬರಬಹುದು. ಜೊತೆಯವನ ಏಳಿಗೆಗೆ ಸಂತೋಷಪಡುವುದು ಮಾತ್ರ ಮನಸ್ಸಿನಿಂದಲೇ ಬರಬೇಕು.

ಆಫ್ರಿಕಾದ ಪ್ರವಾಸದಲ್ಲಿ ತಗಲಿದ ಮಲೇರಿಯಾದಿಂದ ಕೊಪ್ಪಿ 1960ರ ಜನವರಿ 2ರಂದು, ನಲವತ್ತರ ಹರೆಯದಲ್ಲೇ ತೀರಿಕೊಂಡರು. ಅವರು ಹುಟ್ಟಿದ ಹಳ್ಳಿ 2019ರಿಂದ ಕಾಸ್ತೆಲ್ಲಾನಿಯಾ ಕೊಪ್ಪಿ ಎಂಬ ಹೆಸರು ಹೊತ್ತಿದೆ. ಕರ್ರೆಯಾ 1950ರ ದಶಕದಲ್ಲೇ ಪಂದ್ಯಗಳಿಂದ ನಿವೃತ್ತರಾಗಿ, 88 ವರ್ಷ ಬದುಕಿ, 2013ರ ಜನವರಿಯಲ್ಲಿ ಕಣ್ಮುಚ್ಚಿದರು. ಅವರ ಹೆಸರಿನ ಊರಿಲ್ಲ. ಹಳದಿ ಜರ್ಸಿ ತೊಟ್ಟವರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಒಂದೇ ಒಂದು ದಿನ ದಾಖಲಾಗಿದೆ. ಮನೆಯಲ್ಲಿ, ಕಚೇರಿಯಲ್ಲಿ, ಊರ ಕೆಲಸದಲ್ಲಿ ಯಾರದೋ ಬೆನ್ನ ಮರೆಯಲ್ಲಿ ಸಾಗಿ ಗುರಿ ಮುಟ್ಟಿದವರು ಬಹಳ ಮಂದಿ. ಗಾಳಿಯನ್ನು ಯಾರು ತಡೆದರೆಂದು ಅವರಿಗೆ ಗೊತ್ತಿರುತ್ತದೆ. ಗೊತ್ತಿದ್ದರೆ ಸಾಲದು. ಆ ಹೆಸರನ್ನು ನಾಲ್ಕು ಜನರ ಮುಂದೆ, ಅವರು ಬದುಕಿರುವಾಗಲೇ ಹೇಳಬೇಕು.