ಗ್ಲೋ ಪ್ಲಗ್ಗಿಗೆ ಕೈಗುಂಡಿ
(ವಾಚನಾಲಯದಲ್ಲಿ ಮಾಡಿದ ಭಾಷಣ)



ಕಳೆದ ಮಾಗಿಯಲ್ಲಿ ರಜೆ ಹಾಕಿ ಊರಿಗೆ ಹೋದಾಗ ಅಣ್ಣನ ಸಣ್ಣ ಡೀಸೆಲ್ ಟ್ರ್ಯಾಕ್ಟರು ಬೆಳಗಿನ ಹೊತ್ತು ಏನು ಮಾಡಿದರೂ ಚಾಲೂ ಆಗುತ್ತಿರಲಿಲ್ಲ. ನಾವು ಬ್ಯಾಟರಿಯನ್ನು ಬೈದೆವು. ತಪ್ಪು ಅದರದಲ್ಲ.

ಡೀಸೆಲ್ ಎಂಜಿನಿನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಅದುಮಿದಾಗ ಹುಟ್ಟುವ ಕಾವಿಗೇ ಎಣ್ಣೆ ಹೊತ್ತಬೇಕು. ಎಂಜಿನು ತಣ್ಣಗಿದ್ದರೆ ಆ ಕಾವನ್ನು ಲೋಹವೇ ಹೀರಿಬಿಡುತ್ತದೆ. ಆದಕಾರಣ ಕೆಲವು ಎಂಜಿನುಗಳಲ್ಲಿ ಸಿಲಿಂಡರಿಗೊಂದು ಗ್ಲೋ ಪ್ಲಗ್ಗು ಉಂಟು; ಕರೆಂಟು ಹರಿದರೆ ಅದರ ತುದಿ ಕೆಂಪಗೆ ಕಾಯುತ್ತದೆ. ಎಷ್ಟು ಹೊತ್ತು ಕಾಯಿಸಬೇಕೆಂಬುದನ್ನು ಈ ಟ್ರ್ಯಾಕ್ಟರಿನಲ್ಲಿ ಒಂದು ಪೆಟ್ಟಿಗೆ ತಾನೇ ತೀರ್ಮಾನಿಸುತ್ತಿತ್ತು. ಕೀಲಿ ತಿರುಗಿಸಿ ಪ್ಲಗ್ಗಿಗೆ ಪರೀಕ್ಷೆಯ ದೀಪ ಹಿಡಿದೆವು, ಉರಿಯಲಿಲ್ಲ. ಕೆಟ್ಟದ್ದು ಪೆಟ್ಟಿಗೆ. ಬದಲಿ ಸಿಗಲಿಲ್ಲ.

ಕೊನೆಗೆ ಪೆಟ್ಟಿಗೆ ತೆಗೆದು, ಬಿಟ್ಟೊಡನೆ ಕಡಿಯುವ ಗುಂಡಿಯೊಂದನ್ನು ಹಾಕಿದೆವು. ಮೂರು ಪ್ಲಗ್ಗು ಸೇರಿ 12 ವೋಲ್ಟಿನಲ್ಲಿ 30 ಆಂಪಿಯರಿನಷ್ಟು ಎಳೆಯಬಲ್ಲವು. ಸಣ್ಣ ಗುಂಡಿ ಅದನ್ನು ತಾಳದು. ಗುಂಡಿ ರಿಲೇಯನ್ನು ಮಾತ್ರ ನಡೆಸತಕ್ಕದ್ದು. ಪ್ಲಗ್ಗಿನ ಕರೆಂಟು ರಿಲೇಯ ಮೂಲಕ ದಪ್ಪ ತಂತಿಯಲ್ಲಿ ಹೋಗತಕ್ಕದ್ದು, ಬ್ಯಾಟರಿಯ ಬಳಿಯೇ ಫ್ಯೂಜು ಇರತಕ್ಕದ್ದು.

ಹತ್ತು ಸೆಕೆಂಡು ಒತ್ತಿದೆವು, ಚಾಲೂ ಆಯಿತು! ಮರುದಿನ ಅಣ್ಣನ ಮಗ ಉತ್ಸಾಹದಿಂದ ನಿಮಿಷಗಟ್ಟಲೆ ಒತ್ತಿ ಹಿಡಿದ. ಒಂದು ಪ್ಲಗ್ಗು ಸುಟ್ಟಿತು. ಎಣಿಸಲು ಹೇಳಿಕೊಡದ ತಪ್ಪು ನಮ್ಮದೇ. ಹೊಸ ಬಗೆಯ ಕೆಲವು ಪ್ಲಗ್ಗುಗಳಂತೂ ಪೂರ್ಣ 12 ವೋಲ್ಟನ್ನು ಹೆಚ್ಚು ಹೊತ್ತು ತಾಳವು. ಕೈಪಿಡಿ ನೋಡದೆ ಕೈ ಹಾಕಬಾರದು.

ಈಗ ರಿಲೇಯಿಂದ ಪ್ಲಗ್ಗಿಗೆ ಹೋಗುವ ತಂತಿಗೆ ಪುಟ್ಟ ದೀಪವನ್ನೂ ಕೂಡಿಸಿದ್ದೇವೆ. ಗುಂಡಿ ಬಿಟ್ಟ ಮೇಲೂ ಅದು ಉರಿದರೆ ರಿಲೇ ಅಂಟಿಕೊಂಡಿದೆ ಎಂದರ್ಥ. ಒಡನೆ ಬ್ಯಾಟರಿಯ ತಂತಿ ಬಿಚ್ಚಬೇಕು. ಇಂಥ ಎಂಜಿನಿಗೆ ಈಥರ್ ಮಾತ್ರ ಎಂದೂ ಸಿಂಪಡಿಸಬೇಡಿ. ಕಾದ ಪ್ಲಗ್ಗಿಗೆ ತಗುಲಿದರೆ ಒಳಗೇ ಸಿಡಿಯುತ್ತದೆ.