ಬೆರಳ ತುದಿಯ ರಕ್ತವನ್ನು ಎಷ್ಟು ನಂಬಬಹುದು?



ಬೇಸಾಯ ಇಲಾಖೆಯವನಿಗೆ ರಕ್ತದ ಮಾತೇಕೆ ಅಂತ ನಮ್ಮ ಮರಳವಾಡಿ ಕಡೆಯ ಹಿರಿಯರು ನಗಬಹುದು. ಮಣ್ಣು ಪರೀಕ್ಷೆಗೆ ಮಣ್ಣು ತೆಗೆಯುವಾಗ ತಿಪ್ಪೆಯ ಪಕ್ಕ, ಬದುವಿನ ಮೇಲೆ, ಮರದ ಬುಡದಲ್ಲಿ ತೆಗೆಯಬೇಡಿ ಎಂದು ಹೇಳುತ್ತಲೇ ಬಂದಿದ್ದೇವೆ. ತಿಪ್ಪೆಯ ಮಣ್ಣು ಕಳಿಸಿದರೆ ಪ್ರಯೋಗಶಾಲೆಯವರು ತಿಪ್ಪೆಯ ಲೆಕ್ಕವನ್ನೇ ಕೊಡುತ್ತಾರೆ. ನೀವೇ ಬೆರಳು ಚುಚ್ಚಿ ತೆಗೆಯುವ ರಕ್ತದ ಹನಿಯೂ ಹಾಗೆಯೇ.

ಈಗ ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಗ್ಲೂಕೋಮೀಟರು ಇರುವುದು ಹೊಸತಲ್ಲ. ಮಾವಿನ ಕಾಲದಲ್ಲಿ ಹಣ್ಣು ಹೆಚ್ಚಿದ ಕೈಯಲ್ಲೇ ಬೆರಳು ಚುಚ್ಚಿಕೊಂಡರೆ ಏನಾಗುತ್ತದೆ? ಬೆರಳಿಗೆ ಅಂಟಿದ ಹಣ್ಣಿನ ಸಕ್ಕರೆ ಹನಿಯೊಳಗೆ ಸೇರಿ ಅಂಕಿ ಸುಮ್ಮಸುಮ್ಮನೆ ಏರುತ್ತದೆ. ಜಪಾನಿನವರು ಇದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಹಣ್ಣು ಸುಲಿದ ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಾಲಲಿಲ್ಲ; ನೀರಿನಲ್ಲಿ ತೊಳೆದಾಗಲೇ ಅಂಕಿ ಸರಿಹೋಯಿತು. ಆ ಸುಳ್ಳು ಅಂಕಿಯನ್ನು ನಂಬಿ ಇನ್ಸುಲಿನ್ ಹೆಚ್ಚು ಹಾಕಿಕೊಂಡವರಿಗೆ ಮೈ ಬೆವರಿ, ನಡುಗಿ, ಪ್ರಜ್ಞೆ ತಪ್ಪಬಹುದು. ಪ್ರಾಣಕ್ಕೇ ಬರುವ ವಿಚಾರ ಇದು.

ಆದ್ದರಿಂದ ಮೊದಲು ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒಣಗಿಸಿ. ಒದ್ದೆ ಬೆರಳಾದರೆ ಹನಿ ನೀರಾಗುತ್ತದೆ. ಕೈ ತಣ್ಣಗಿದ್ದರೆ ಬಿಸಿನೀರಿನಲ್ಲಿ ತೊಳೆದು ಕೆಳಗೆ ಜೋತುಬಿಡಿ. ನಡುಬೆರಳು ಅಥವಾ ಉಂಗುರದ ಬೆರಳಿನ ಪಕ್ಕಕ್ಕೆ ಚುಚ್ಚಬೇಕು. ನಡುಮಧ್ಯೆ ನೋವು ಜಾಸ್ತಿ. ರಕ್ತ ಬರಲಿಲ್ಲ ಅಂತ ಹಸುವಿನ ಕೆಚ್ಚಲು ಹಿಂಡಿದ ಹಾಗೆ ಹಿಂಡತಕ್ಕದ್ದಲ್ಲ. ಹಿಂಡಿದರೆ ಮಾಂಸದೊಳಗಿನ ನೀರು ಬೆರೆಯುತ್ತದೆ, ರಕ್ತಕಣಗಳೂ ಒಡೆಯುತ್ತವೆ. ಒಬ್ಬರು ಚುಚ್ಚಿಕೊಂಡ ಸೂಜಿಯನ್ನು ಇನ್ನೊಬ್ಬರು, ಗಂಡಹೆಂಡಿರಾದರೂ ಸರಿಯೆ, ಮುಟ್ಟಬಾರದು. ಕಾಮಾಲೆ ತರುವ ಹೆಪಟೈಟಿಸ್ ಬಿ ಹಾಗೆ ಹರಡುತ್ತದೆ. ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ ಭದ್ರವಾಗಿರಲಿ. ಒಲೆಯ ಪಕ್ಕದಲ್ಲಾಗಲಿ, ತೇವ ತುಂಬಿದ ಹುಳುಮನೆಯಲ್ಲಾಗಲಿ ಅದನ್ನು ಇಡಬೇಡಿ.

ಹೀಗೆ ತೆಗೆದ ಹನಿ ಸಕ್ಕರೆಯ ದಿನನಿತ್ಯದ ಲೆಕ್ಕಕ್ಕೆ ಸಾಕು. ಎರಡು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಗೂ ನಡೆಯುತ್ತದೆ. ರಕ್ತ ಕಡಿಮೆ ಇರುವವರು ಮಾತ್ರ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಕಾಗದದ ಮೇಲೆ ಒಣಗಿಸಿದ ರಕ್ತವೂ ಕೆಲವು ಪರೀಕ್ಷೆಗಳಿಗೆ ಒದಗುತ್ತದೆ. ಅಮೆರಿಕದ ರಾಬರ್ಟ್ ಗತ್ರಿ 1960ರ ದಶಕದಲ್ಲೇ ಎಳೆಗೂಸುಗಳ ಹಿಮ್ಮಡಿಯಿಂದ ಹನಿ ತೆಗೆದು ಇದನ್ನು ರೂಢಿಗೆ ತಂದರು.

ಎಲ್ಲಕ್ಕೂ ಆಗುತ್ತದೆ ಎಂದು ಮಾತ್ರ ತಿಳಿಯಬೇಡಿ. ಮೂತ್ರಪಿಂಡದ ಕಾಯಿಲೆಯವರಿಗೆ ನೋಡುವ ಪೊಟ್ಯಾಸಿಯಂ, ರಕ್ತಕಣ ಒಡೆದರೆ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಹಿಮೋಗ್ಲೋಬಿನ್ ಕೂಡ ಹನಿಯಿಂದ ಹನಿಗೆ ಬದಲಾಗುತ್ತದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2015ರಲ್ಲಿ ಕಂಡುಕೊಂಡಂತೆ, ತೋಳಿನ ನರದ ರಕ್ತದಷ್ಟು ಸ್ಥಿರವಾದ ಅಂಕಿ ಸಿಗಬೇಕಾದರೆ ಒಂದೇ ಬೆರಳಿನ 6ರಿಂದ 9 ಹನಿಗಳ ಸರಾಸರಿ ಬೇಕಾಯಿತು. ಮಣ್ಣನ್ನು ಹತ್ತು ಕಡೆಯಿಂದ ತೆಗೆಯಿರಿ ಎನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ, ನೀವೇ ಹೇಳಿ! ಬಸುರಿ ಹೆಣ್ಣುಮಕ್ಕಳಿಗೆ ಒಂದು ಹನಿಯಲ್ಲಿ ರಕ್ತ ಚೆನ್ನಾಗಿದೆ ಅಂತ ಬಂದರೂ ಕಬ್ಬಿಣದ ಮಾತ್ರೆ ಬಿಡಕೂಡದು. ಸಂದೇಹವಿದ್ದರೆ ಆಸ್ಪತ್ರೆಯಲ್ಲಿ ತೋಳಿನ ರಕ್ತ ಕೊಡಲಿ.

ಮೀಟರಿಗೂ ಪ್ರಯೋಗಶಾಲೆಗೂ ತಾಳೆಯಾಗಲಿಲ್ಲ ಅಂತ ಗಾಬರಿ ಬೀಳುವವರಿದ್ದಾರೆ. 2013ರ ಅಂತರರಾಷ್ಟ್ರೀಯ ಮಾನಕದಂತೆ 100ರಿಂದ ಮೇಲಿನ ಅಂಕಿಗೆ ನೂರಕ್ಕೆ 15ರಷ್ಟು ಹೆಚ್ಚುಕಡಿಮೆಗೆ ಅವಕಾಶವುಂಟು. ಪ್ರಯೋಗಶಾಲೆಯಲ್ಲಿ 200 ಬಂದು ಮೀಟರು 175 ತೋರಿಸಿದರೆ ಅದು ಕೆಟ್ಟಿದೆ ಎನ್ನುವಂತಿಲ್ಲ. ಊಟವಾದ ಮೇಲೆ ಬೆರಳಿನ ರಕ್ತದಲ್ಲಿ ಸಕ್ಕರೆ ನರದ ರಕ್ತಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಆದ್ದರಿಂದ ತಾಳೆ ನೋಡುವವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೀಟರನ್ನೂ ಜೊತೆಗೆ ಒಯ್ದು, ತೋಳಿನ ರಕ್ತ ಕೊಟ್ಟ ಕೂಡಲೇ ಬೆರಳನ್ನೂ ಚುಚ್ಚಿ ನೋಡಿ, ಎರಡು ಅಂಕಿಯನ್ನೂ ಒಂದೇ ಚೀಟಿಯಲ್ಲಿ ಬರೆಸಿಕೊಂಡು ವೈದ್ಯರಿಗೆ ತೋರಿಸಬೇಕು.